ಡ್ರಾಯಿಂಗ್ ಮೇಷ್ಟ್ರನ್ನು ಕೇಳಿ: ಪುಕ್ಕಲನ ಪರವಾಗಿ ಒಂದಿಷ್ಟು

ಈ ಅಂಕಣಕ್ಕೆ ಸಾಮಾನ್ಯವಾಗಿ ಬರುವ ಪ್ರಶ್ನೆಗಳು ಜಲವರ್ಣ, ಪೆನ್ಸಿಲ್ ಶೇಡಿಂಗ್, ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ಸಂಬಂಧಿಸಿದವು. ಕಳೆದ ಸಂಚಿಕೆಯಲ್ಲಿ ಗೆರೆಯ ಚುರುಕಿಗೆ ಉದಾಹರಣೆಯಾಗಿ ‘ಸ್ಕೂಬಿ-ಡೂ’ ಕಾರ್ಟೂನಿನ ಶ್ಯಾಗಿಯ ಬಗ್ಗೆ ಎರಡು ಸಾಲು ಬರೆದದ್ದೇ ತಡ, ಈ ಸಲ ಪತ್ರಗಳೆಲ್ಲ ಅವನವೇ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳಲ್ಲಿ ಇಷ್ಟೊಂದು ಮಂದಿ ಈ ಪುಕ್ಕಲನ ಅಭಿಮಾನಿಗಳಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಹಾಗಾಗಿ ಜಲವರ್ಣದವರು ಮುಂದಿನ ತಿಂಗಳವರೆಗೆ ಕಾಯಬೇಕು.

ನೋಡದವರಿಗಾಗಿ ಒಂದೆರಡು ಮಾತು. ಫ್ರೆಡ್, ಡ್ಯಾಫ್ನಿ, ವೆಲ್ಮಾ, ಶ್ಯಾಗಿ ಎಂಬ ನಾಲ್ವರು ಯುವಕ ಯುವತಿಯರು ಸ್ಕೂಬಿ ಎಂಬ ದೊಡ್ಡ ನಾಯಿಯೊಂದಿಗೆ ವ್ಯಾನಿನಲ್ಲಿ ಊರೂರು ಸುತ್ತುತ್ತಾರೆ. ಹೋದಲ್ಲೆಲ್ಲ ಒಂದು ಭೂತದ ಕಾಟ. ಕೊನೆಗೆ ಭೂತದ ಮುಖವಾಡ ಕಿತ್ತರೆ ಒಳಗೆ ಯಾರೋ ಲಾಭಕೋರ ಮನುಷ್ಯ. ಹಸಿರು ಅಂಗಿ, ಗದ್ದದ ತುದಿಯಲ್ಲಿ ನಾಲ್ಕು ಕೂದಲು, ಸದಾ ಹಸಿವು, ಸದಾ ಭಯ: ಇದು ಶ್ಯಾಗಿ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1969ರ ಸೆಪ್ಟೆಂಬರ್ 13ರಂದು ಶುರುವಾದ ಧಾರಾವಾಹಿ ಹಲವು ಅವತಾರಗಳಲ್ಲಿ ಇನ್ನೂ ನಡೆದಿದೆ.

ಪ್ರ: ಮೇಷ್ಟ್ರೇ, ನನ್ನ ಮಗ ನಾಲ್ಕನೆಯ ತರಗತಿ. ಶ್ಯಾಗಿ ಎಂದರೆ ಪ್ರಾಣ. ಕರೆಂಟು ಹೋದರೆ ನನ್ನ ಸೆರಗು ಹಿಡಿದುಕೊಳ್ಳುತ್ತಾನೆ. ಕತ್ತಲಾದ ಮೇಲೆ ಹಿತ್ತಲಿಗೆ ಕಾಲಿಡುವುದಿಲ್ಲ. ಕೇಳಿದರೆ ‘ಶ್ಯಾಗಿಯೂ ಹೆದರುತ್ತಾನಲ್ಲಮ್ಮ’ ಎನ್ನುತ್ತಾನೆ. ಅವನ ಅಪ್ಪ ‘ಬಂದ ನೋಡಿ ಉತ್ತರಕುಮಾರ’ ಎಂದು ನೆಂಟರ ಮುಂದೆಯೇ ಆಡಿಕೊಳ್ಳುತ್ತಾರೆ. ಆ ಕಾರ್ಟೂನು ನೋಡುವುದನ್ನು ನಿಲ್ಲಿಸಿಬಿಡಲೇ? — ಒಬ್ಬ ತಾಯಿ, ಶಿರಾ

ಉ: ಕಾರ್ಟೂನು ನಿಲ್ಲಿಸಬೇಡಿ ತಾಯಿ. ನೆಂಟರ ಮುಂದಿನ ಆ ಮಾತನ್ನು ನಿಲ್ಲಿಸಿ.

ನಿಮ್ಮ ಮಗ ಹೇಳಿದ್ದರಲ್ಲಿ ಅರ್ಧ ಸರಿಯಿದೆ. ಶ್ಯಾಗಿ ಹೆದರುತ್ತಾನೆ. ಮಂಡಿ ಒಂದಕ್ಕೊಂದು ಬಡಿದುಕೊಳ್ಳುತ್ತವೆ, ಮಾತು ತೊದಲುತ್ತದೆ, ಬಾಗಿಲು ಕಿರ್ರೆಂದರೆ ಸ್ಕೂಬಿಯನ್ನು ಅಪ್ಪಿಕೊಳ್ಳುತ್ತಾನೆ. ಉಳಿದರ್ಧವನ್ನು ಅವನೊಂದಿಗೆ ಕುಳಿತು ನೀವೇ ನೋಡಿ. ಫ್ರೆಡ್ ತಂಡವನ್ನು ಎರಡು ಭಾಗ ಮಾಡುತ್ತಾನೆ: ತಾನೂ ಹುಡುಗಿಯರೂ ಒಂದು ಕಡೆ, ಶ್ಯಾಗಿಯೂ ನಾಯಿಯೂ ಇನ್ನೊಂದು ಕಡೆ. ಅಂದರೆ ಅತಿ ಹೆಚ್ಚು ಹೆದರುವ ಇಬ್ಬರನ್ನೇ ಜೊತೆ ಮಾಡಿ ಕತ್ತಲೆಗೆ ಕಳುಹಿಸುವುದು. ಅವರು ಬೇಡ ಎನ್ನುತ್ತಾರೆ, ‘ಸ್ಕೂಬಿ ಸ್ನ್ಯಾಕ್’ ಎಂಬ ಬಿಸ್ಕತ್ತಿಗಾಗಿ ಚೌಕಾಸಿ ಮಾಡುತ್ತಾರೆ, ಒಂದಕ್ಕೆ ಒಪ್ಪದೆ ಎರಡು ಕೇಳುತ್ತಾರೆ, ಕೊನೆಗೆ ಹೋಗುತ್ತಾರೆ. ಭೂತ ಮೊದಲು ಎದುರಾಗುವುದೂ ಬಹುತೇಕ ಅವರಿಗೇ. ಫ್ರೆಡ್ ಲೆಕ್ಕ ಹಾಕಿ ಹೂಡಿದ ಬಲೆ ಕೈಕೊಡುತ್ತದೆ. ಇವರಿಬ್ಬರು ಎದ್ದೆನೋ ಬಿದ್ದೆನೋ ಎಂದು ಓಡುವ ರಭಸಕ್ಕೆ ಭೂತ ಸಿಕ್ಕಿಬೀಳುತ್ತದೆ. ಹೆದರುತ್ತಲೇ ಜೊತೆಗೆ ಹೋಗುವವನು ಶ್ಯಾಗಿ. ಹೋಗುವ ಭಾಗವನ್ನು ನಿಮ್ಮ ಮಗ ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ, ಅಷ್ಟೆ.

ಇನ್ನು ಉತ್ತರಕುಮಾರ. ಆ ಹೆಸರನ್ನು ಬೈಗುಳದಂತೆ ಬಳಸುವ ನಿಮ್ಮ ಯಜಮಾನರಿಗೆ ವಿರಾಟಪರ್ವ ನೆನಪಿದೆ, ಭೀಷ್ಮಪರ್ವ ಮರೆತಿದೆ. ಅಂತಃಪುರದಲ್ಲಿ ಹೆಂಗಸರ ಮುಂದೆ ಕೌರವರನ್ನು ಬಡಿದುಹಾಕುತ್ತೇನೆಂದು ಕೊಚ್ಚಿಕೊಂಡ ಉತ್ತರ, ಸೇನೆಯನ್ನು ಕಣ್ಣಾರೆ ಕಂಡೊಡನೆ ರಥದಿಂದ ಧುಮುಕಿ ಕಾಲಿಗೆ ಬುದ್ಧಿ ಹೇಳಿದ. ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ಅಟ್ಟಿಸಿಕೊಂಡು ಹೋಗಿ ಹಿಡಿದು ತಂದ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ನಗುವವರು ಕಥೆಯನ್ನು ಅಲ್ಲಿಗೇ ಮುಗಿಸಿ ಎದ್ದುಬಿಡುತ್ತಾರೆ. ಆಮೇಲೆ ಅದೇ ಹುಡುಗ ಶಮೀವೃಕ್ಷ ಹತ್ತಿ ಪಾಂಡವರ ಆಯುಧಗಳನ್ನು ಇಳಿಸಿದ. ಭೀಷ್ಮ, ದ್ರೋಣ, ಕರ್ಣರು ಎದುರಿಗಿದ್ದ ಯುದ್ಧದಲ್ಲಿ ಅರ್ಜುನನ ರಥ ನಡೆಸಿದ. ಕುರುಕ್ಷೇತ್ರದ ಮೊದಲ ದಿನವೇ ಆನೆಯೇರಿ ಶಲ್ಯನ ಮೇಲೆ ನುಗ್ಗಿ, ಅವನ ರಥದ ಕುದುರೆಗಳನ್ನು ಕೆಡವಿ, ಅವನ ಕೈಯಲ್ಲೇ ಸತ್ತ. ಇದು ಪುಕ್ಕಲನ ಜಾತಕವೇ? ಉತ್ತರ ನಗೆಪಾಟಲಾದದ್ದು ಜಂಭದಿಂದ. ಶ್ಯಾಗಿಗೆ ಆ ಕಾಯಿಲೆ ಇಲ್ಲ. ನನಗೆ ಭಯವಾಗುತ್ತಿದೆ ಎಂದು ಮೊದಲೇ, ಎಲ್ಲರಿಗೂ ಕೇಳುವಂತೆ ಹೇಳಿಬಿಡುತ್ತಾನೆ. ನಿಮ್ಮ ಮಗನೂ ನಿಮಗೆ ಹೇಳುತ್ತಿದ್ದಾನೆ. ಆಡಿಕೊಂಡರೆ ಹೇಳುವುದನ್ನು ಬಿಡುತ್ತಾನೆ. ಭಯ ಮಾತ್ರ ಅಲ್ಲೇ ಇರುತ್ತದೆ.

ಮಾಡಬೇಕಾದ್ದನ್ನು ನನ್ನ ಕಸುಬಿನಿಂದಲೇ ಹೇಳುತ್ತೇನೆ. ಹಿತ್ತಲಿನಲ್ಲಿ ಏನಿದೆ ಎಂದು ಅವನಿಂದ ಚಿತ್ರ ಬರೆಸಿ. ಬರೆಯುವಾಗ ಪಕ್ಕದಲ್ಲಿ ಕುಳಿತು ಕೇಳಿ: ಹಲ್ಲು ಎಷ್ಟು? ಕಾಲು ನೆಲಕ್ಕೆ ತಾಗುತ್ತದೆಯೋ ಇಲ್ಲವೋ? ಕೈಗೆ ಎಷ್ಟು ಬೆರಳು? ತರಗತಿಯಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದೇನೆ, ಗುಮ್ಮನಿಗೆ ಹಲ್ಲು ಎಣಿಸಿ ಬರೆಯಲು ಕುಳಿತ ಮಗು ಮೂರನೆಯ ಹಲ್ಲಿಗೆ ನಗಲು ಶುರುಮಾಡುತ್ತದೆ. ಆಮೇಲೆ ಅದೇ ಹಾಳೆಯ ಹಿಂಬದಿಯಲ್ಲಿ, ಮುಖವಾಡ ತೆಗೆದರೆ ಒಳಗೆ ಯಾರಿರುತ್ತಾರೆ ಎಂದು ಬರೆಸಿ. ಇಷ್ಟಾದ ಮೇಲೆ ಒಂದು ಸಂಜೆ ನೀವು ಹಿತ್ತಲ ಬಾಗಿಲ ಮೆಟ್ಟಿಲಿನಲ್ಲಿ ನಿಂತು, ಟಾರ್ಚು ಅವನ ಕೈಗೆ ಕೊಟ್ಟು, ಒಗ್ಗರಣೆಗೆ ಎರಡೆಲೆ ಕರಿಬೇವು ಕಿತ್ತು ತರಲು ಹೇಳಿ. ಬಿಸ್ಕತ್ತಿನ ಆಮಿಷ ಒಡ್ಡಬಹುದು, ಅದಕ್ಕೆ ಶಾಸ್ತ್ರಾಧಾರವಿದೆ. ನಿದ್ದೆಯೇ ಕೆಡುವಷ್ಟು ಭಯವಿದ್ದು ವಾರಗಟ್ಟಲೆ ಹಾಗೇ ಉಳಿದರೆ ಮಾತ್ರ ಮಕ್ಕಳ ವೈದ್ಯರಿಗೆ ತೋರಿಸಿ. ಅದು ಡ್ರಾಯಿಂಗ್ ಮೇಷ್ಟ್ರ ಕೆಲಸವಲ್ಲ.

ಪ್ರ: ಶ್ಯಾಗಿಯ ನಿಜವಾದ ಹೆಸರೇನು? — ಏಳನೆಯ ತರಗತಿ ವಿದ್ಯಾರ್ಥಿನಿ, ಮಾಲೂರು

ಉ: ನಾರ್ವಿಲ್ ರಾಜರ್ಸ್. ಶ್ಯಾಗಿ ಎಂಬುದು ಕರೆಯುವ ಹೆಸರು.

ಪ್ರ: ಅನಿಮೇಶನ್ ಕೋರ್ಸಿಗೆ ಸೇರಬೇಕೆಂದಿದ್ದೇನೆ. ಶ್ಯಾಗಿಯನ್ನು ಸೃಷ್ಟಿಸಿದವರು ಯಾರು? ಪತ್ತೇದಾರಿ ಕಥೆಯಲ್ಲಿ ಇಂಥ ಹೇಡಿಯೊಬ್ಬ ಏಕೆ ಬೇಕಾಯಿತು? — ಪಿಯುಸಿ ವಿದ್ಯಾರ್ಥಿ, ತಿಪಟೂರು

ಉ: ಕಥೆ ಜೋ ರೂಬಿ ಮತ್ತು ಕೆನ್ ಸ್ಪಿಯರ್ಸ್ ಅವರದು, ರೂಪ ಇವಾವೊ ಟಕಮೋಟೋ ಅವರದು, ಕಂಪನಿ ಹ್ಯಾನಾ-ಬಾರ್ಬೆರಾ. ನಿಮ್ಮ ಎರಡನೆಯ ಪ್ರಶ್ನೆಯಲ್ಲಿ ಹೆಚ್ಚು ಸ್ವಾರಸ್ಯವಿದೆ.

1968ರ ಹೊತ್ತಿಗೆ ಅಮೆರಿಕದ ಶನಿವಾರ ಬೆಳಗಿನ ಕಾರ್ಟೂನುಗಳಲ್ಲಿ ಹೊಡೆದಾಟ ವಿಪರೀತವಾಯಿತೆಂದು ತಂದೆತಾಯಿಯರ ಸಂಘಟನೆಗಳು ಗಲಾಟೆ ಎಬ್ಬಿಸಿದ್ದವು. ಸಿಬಿಎಸ್‌ನ ಫ್ರೆಡ್ ಸಿಲ್ವರ್‌ಮನ್‌ಗೆ ಗುದ್ದಾಟವಿಲ್ಲದ ಹೊಸದೊಂದು ಬೇಕಿತ್ತು. ಹಾಡು ಹೇಳುತ್ತ ರಹಸ್ಯ ಭೇದಿಸುವ ಹುಡುಗರ ತಂಡವೆಂದು ಮೊದಲು ಯೋಚಿಸಿದರು. ಚಿತ್ರಗಳು ಸಿದ್ಧವಾಗಿ ಮೇಲಿನವರ ಮುಂದೆ ಹೋದಾಗ ವಾಹಿನಿಯ ಅಧ್ಯಕ್ಷ ಫ್ರಾಂಕ್ ಸ್ಟಾಂಟನ್ ಅಡ್ಡಗಾಲು ಹಾಕಿದರು: ಮಕ್ಕಳಿಗೆ ಇದು ತೀರಾ ಭಯಂಕರ. ಆಗ ಮಾಡಿದ ಉಪಾಯವೆಂದರೆ ನಾಯಿಯನ್ನು ಮುಂದಕ್ಕೆ ತಂದು, ಅದನ್ನೂ ಅದರ ಗೆಳೆಯನನ್ನೂ ನಗೆಯ ಜೋಡಿಯಾಗಿಸಿದ್ದು. ಮನೆ ಹಾಳುಬಿದ್ದಿರಲಿ, ಗೂಬೆ ಕೂಗಲಿ, ನೋಡುವ ಮಗುವಿಗಿಂತ ಹೆಚ್ಚು ಹೆದರುವವರು ಪರದೆಯ ಮೇಲೆ ಇಬ್ಬರಿದ್ದಾರೆ. ಮಗುವಿನ ಪಾಲಿನ ಭಯವನ್ನೂ ಅವರೇ ಪಟ್ಟುಬಿಟ್ಟರೆ ಮಗುವಿಗೆ ಉಳಿಯುವುದು ನಗು. ಆ ಇಬ್ಬರು ಇಲ್ಲದಿದ್ದರೆ ಧಾರಾವಾಹಿ ಮೇಜಿನ ಮೇಲೆಯೇ ಸತ್ತಿರುತ್ತಿತ್ತು ಎಂದು ನನ್ನ ಎಣಿಕೆ.

ಶ್ಯಾಗಿಗೆ ಮಾದರಿಯೂ ಇದೆ. 1959ರಿಂದ 1963ರವರೆಗೆ ಪ್ರಸಾರವಾದ ಒಂದು ಹಾಸ್ಯ ಧಾರಾವಾಹಿಯಲ್ಲಿ ಬಾಬ್ ಡೆನ್ವರ್ ಎಂಬ ನಟ ಮೇನಾರ್ಡ್ ಎಂಬ ಸೋಮಾರಿಯ ಪಾತ್ರ ಮಾಡಿದ್ದರು. ಗದ್ದದಲ್ಲಿ ಕುರಿಗಡ್ಡ, ‘ಕೆಲಸ’ ಎಂಬ ಮಾತು ಕಿವಿಗೆ ಬಿದ್ದರೆ ಬೆಚ್ಚಿಬೀಳುವ ಸ್ವಭಾವ. ಗಡ್ಡ ಮತ್ತು ಮಾತಿನ ಧಾಟಿ ಅಲ್ಲಿಂದ ಬಂದದ್ದು. ಹಸಿವು ಮಾತ್ರ ಇವನ ಸ್ವಂತದ್ದು ಎನ್ನಬೇಕು.

ಟಕಮೋಟೋ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಜಪಾನೀ ಮೂಲದವರನ್ನೆಲ್ಲ ಶಿಬಿರಗಳಲ್ಲಿ ಕೂಡಿಹಾಕಿದಾಗ ಹದಿಹರೆಯದ ಈ ಹುಡುಗನೂ ಮನೆಯವರೊಂದಿಗೆ ಮಾಂಜನಾರ್ ಶಿಬಿರ ಸೇರಿದ. ಚಿತ್ರದ ಮೊದಲ ಪಾಠಗಳಾದದ್ದು ಅಲ್ಲಿ. ಹೊರಗೆ ಬಂದ ಮೇಲೆ ಡಿಸ್ನಿಯಲ್ಲಿ ಕೆಲಸ, ಆಮೇಲೆ ಹ್ಯಾನಾ-ಬಾರ್ಬೆರಾ. ಸ್ಕೂಬಿಯದು ಗ್ರೇಟ್ ಡೇನ್ ಜಾತಿ. ಆ ಜಾತಿಯ ನಾಯಿ ಸಾಕಿದ್ದ ಸಹೋದ್ಯೋಗಿಯೊಬ್ಬರನ್ನು ಒಳ್ಳೆಯ ಗ್ರೇಟ್ ಡೇನ್ ಹೇಗಿರಬೇಕೆಂದು ಕೇಳಿ ತಿಳಿದುಕೊಂಡು, ಪ್ರತಿಯೊಂದನ್ನೂ ತದ್ವಿರುದ್ಧ ಮಾಡಿದರು. ನೇರ ಬೆನ್ನು ಇರಬೇಕಾದಲ್ಲಿ ಇಳಿಜಾರು ಬೆನ್ನು, ನೆಟ್ಟನೆಯ ಕಾಲಿನ ಬದಲು ಸೊಟ್ಟ ಕಾಲು, ಬಿಗಿಯಾದ ಗದ್ದದ ಬದಲು ಜೋಲು ಗದ್ದ. ನಿಯಮ ಮುರಿಯುವವನು ಮೊದಲು ನಿಯಮ ಕೇಳಿ ತಿಳಿದುಕೊಂಡ, ನೋಡಿ. ಅನಿಮೇಶನ್ ಕಲಿಯುವವರೆಲ್ಲ ಇಲ್ಲಿಂದ ಶುರುಮಾಡಬೇಕು. ನಮ್ಮ ಹುಡುಗರು ನಿಯಮ ಕಲಿಯುವ ಮೊದಲೇ ಸಾಫ್ಟ್‌ವೇರ್ ಕೊಳ್ಳುತ್ತಾರೆ.

ಶ್ಯಾಗಿಯನ್ನು ಬರೆಯುವಾಗ ಬೆನ್ನುಮೂಳೆಯಿಂದ ಶುರುಮಾಡಿ, ಮುಖದಿಂದ ಅಲ್ಲ. ನೀರು ಕಾಣದ ಬಾಳೆ ಎಲೆಯ ಹಾಗೆ ಕುತ್ತಿಗೆಯಿಂದ ಸೊಂಟದವರೆಗೆ ಒಂದೇ ಜೋಲುಗೆರೆ. ತಲೆ ದೇಹಕ್ಕಿಂತ ಒಂದು ಹೆಜ್ಜೆ ಮುಂದಿರುತ್ತದೆ, ಮಂಡಿ ಮಡಿಚಿರುತ್ತದೆ, ಕೈ ಎಲ್ಲಿಡಬೇಕೆಂದು ತಿಳಿಯದೆ ತೂಗಾಡುತ್ತದೆ. ಭೂತ ಕಂಡ ಕ್ಷಣದಲ್ಲಿ ಆ ಗೆರೆ ಒಮ್ಮೆಗೇ ಸೆಟೆದು ನಿಲ್ಲುತ್ತದೆ, ಕಾಲು ಗಾಳಿಯಲ್ಲಿ ಗರಗರ ತಿರುಗುತ್ತದೆ, ದೇಹ ಮಾತ್ರ ಇದ್ದಲ್ಲೇ ಇರುತ್ತದೆ, ಆಮೇಲೆ ಸೊಂಯ್ ಎಂದು ಮಾಯ. ಹ್ಯಾನಾ-ಬಾರ್ಬೆರಾದವರದು ಕಡಿಮೆ ಖರ್ಚಿನ ಕೆಲಸ. ಒಂದೇ ಓಟದ ಚಿತ್ರಗಳನ್ನು ಮತ್ತೆ ಮತ್ತೆ ಬಳಸುವುದು, ಹಿಂದಿನ ಗೋಡೆಯನ್ನೇ ಸರಿಸುತ್ತ ಹೋಗುವುದು, ದೇಹ ಅಲುಗಿಸದೆ ತಲೆ ಮಾತ್ರ ಆಡಿಸುವುದು. ಓಡುವಾಗ ಅದೇ ಕಿಟಕಿ, ಅದೇ ಹೂದಾನಿ ಮೂರು ಸಲ ದಾಟಿ ಹೋದದ್ದನ್ನು ನೀವೂ ಕಂಡಿರುತ್ತೀರಿ. ಇಷ್ಟು ಕಂಜೂಸುತನದಲ್ಲೂ ಪಾತ್ರ ಜೀವಂತವಾಗಿದೆ ಎಂದರೆ ಆ ಬೆನ್ನಿನ ಗೆರೆಗೆ ಕೈಮುಗಿಯಬೇಕು.

ನಿಮ್ಮ ಊರಿನವರೇ ಆದ ನರಸಿಂಹರಾಜು ಅವರ ಹಳೆಯ ಚಿತ್ರಗಳನ್ನೂ ಧ್ವನಿ ನಿಲ್ಲಿಸಿ ನೋಡಿ. ಗುಬ್ಬಿ ಕಂಪನಿಯಲ್ಲಿ ಪಳಗಿ 1954ರಲ್ಲಿ ಬೆಳ್ಳಿತೆರೆಗೆ ಬಂದವರು. ಕಡ್ಡಿಯಂಥ ಮೈ, ಮುಂದೆ ಚಾಚಿದ ಹಲ್ಲು. ಹೆದರಿಕೆಯನ್ನು ಮೈಯಲ್ಲಿ ತೋರಿಸುವುದು ಹೇಗೆಂದು ಅವರಿಂದ ಕಲಿಯುವುದು ಬಹಳವಿದೆ.

ಪ್ರ: ನಾವು ಅಪ್ಪಟ ಸಸ್ಯಾಹಾರಿಗಳು. ಶ್ಯಾಗಿ ಸಸ್ಯಾಹಾರಿಯೆಂದು ಮಗಳು ಹೇಳುತ್ತಾಳೆ, ಹ್ಯಾಂಬರ್ಗರ್ ತಿಂದದ್ದನ್ನು ನಾನೇ ನೋಡಿದ್ದೇನೆಂದು ಅವಳ ಅಣ್ಣ. ಮನೆಯಲ್ಲಿ ದಿನವೂ ಇದೇ ಜಗಳ. ತೀರ್ಪು ಕೊಡಿ. — ಗೃಹಿಣಿ, ಗುಬ್ಬಿ

ಉ: ಇಬ್ಬರೂ ಗೆದ್ದರು. ಹಳೆಯ ಕಂತುಗಳ ಶ್ಯಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ತಿನ್ನುವವನು. ಅವನಿಗೆ 1969ರಿಂದ ಧ್ವನಿ ಕೊಟ್ಟವರು ಕೇಸಿ ಕೇಸಮ್, ಅಮೆರಿಕದ ಹೆಸರಾಂತ ರೇಡಿಯೊ ನಿರೂಪಕ. 1970ರಲ್ಲಿ ಶುರುವಾದ, ವಾರದ ನಲವತ್ತು ಜನಪ್ರಿಯ ಹಾಡುಗಳ ಎಣಿಕೆಯ ಕಾರ್ಯಕ್ರಮದಿಂದ ಮನೆಮಾತಾದವರು. ಅವರು ಮಾಂಸ ಬಿಟ್ಟವರು, ಪ್ರಾಣಿದಯೆಯ ವಿಚಾರದಲ್ಲಿ ಕಟ್ಟುನಿಟ್ಟಿನ ಮನುಷ್ಯ. 1995ರಲ್ಲಿ ಬರ್ಗರ್ ಕಂಪನಿಯೊಂದರ ಜಾಹೀರಾತಿಗೆ ಶ್ಯಾಗಿಯ ಧ್ವನಿ ಬೇಕೆಂದಾಗ ಒಲ್ಲೆನೆಂದು ಪಾತ್ರವನ್ನೇ ಬಿಟ್ಟರು. ಬೇರೆಯವರ ಗಂಟಲಿನಲ್ಲಿ ಶ್ಯಾಗಿ ಕೆಲವು ವರ್ಷ ಕಳೆದ. 2002ರಲ್ಲಿ ಹೊಸ ಧಾರಾವಾಹಿಗೆ ಕೇಸಮ್ ಮರಳಿ ಬಂದದ್ದು ಒಂದು ಷರತ್ತಿನ ಮೇಲೆ: ಇನ್ನು ಮುಂದೆ ಶ್ಯಾಗಿ ಸಸ್ಯಾಹಾರಿ. ನಿರ್ಮಾಪಕರು ಒಪ್ಪಿದರು. 2009ರವರೆಗೆ ದುಡಿದರು, 2014ರಲ್ಲಿ ತೀರಿಕೊಂಡರು. ಅವರ ನಂತರದ ಧ್ವನಿ ಮ್ಯಾಥ್ಯೂ ಲಿಲ್ಲಾರ್ಡ್ ಅವರದು. 2002ರ ಸಿನಿಮಾದಲ್ಲಿ ಶ್ಯಾಗಿಯಾಗಿ ನಟಿಸಿದವರೂ ಅವರೇ.

ನನಗೆ ಈ ಪ್ರಸಂಗ ಬಹಳ ಇಷ್ಟ. ಪರದೆಯ ಮೇಲೆ ನೆರಳಿಗೂ ಬೆಚ್ಚುವವನ ಧ್ವನಿಯ ಹಿಂದೆ, ಬರುವ ಸಂಬಳವನ್ನು ಬಿಟ್ಟು ಎದ್ದುಹೋಗುವ ಗುಂಡಿಗೆಯ ಮನುಷ್ಯನೊಬ್ಬನಿದ್ದ. ಅಣ್ಣನಿಗೆ ಹೇಳಿ, 2002ರ ಹಿಂದಿನದು ಅವನ ಪಾಲು, ಆ ಧಾರಾವಾಹಿಯದು ತಂಗಿಯ ಪಾಲು.

ಪ್ರ: ನಮ್ಮ ತಾತ ಗಣಿಯಲ್ಲಿ ಕೆಲಸ ಮಾಡಿದವರು. ಚಿನ್ನದ ಗಣಿಯಲ್ಲಿ ನಡೆಯುವ ಸ್ಕೂಬಿ-ಡೂ ಕಂತು ಇದೆಯಂತೆ, ಹೌದೇ? ಗೆಳೆಯರೆಲ್ಲ ಸೇರಿ ಇಲ್ಲಿಯ ಹಳೆಯ ಗಣಿಯಲ್ಲಿ ಅಂಥದ್ದೊಂದು ವಿಡಿಯೊ ಮಾಡಬೇಕೆಂದಿದ್ದೇವೆ. — ಕಾಲೇಜು ವಿದ್ಯಾರ್ಥಿ, ಕೆಜಿಎಫ್

ಉ: ಇದೆ. ಮೊದಲ ಸರಣಿಯ ನಾಲ್ಕನೆಯ ಕಂತು, 1969ರ ಅಕ್ಟೋಬರ್ 4ರಂದು ಪ್ರಸಾರವಾದದ್ದು. ಪಾಳುಬಿದ್ದ ಗಣಿಪಟ್ಟಣ, ಅದನ್ನು ನೋಡಲು ಬರುವ ಪ್ರವಾಸಿಗರು, ಅವರನ್ನು ಓಡಿಸುವ ಗಡ್ಡದ ಗಣಿಗಾರನ ಭೂತ. ಮುಖವಾಡ ಕಿತ್ತಾಗ ಸಿಗುವವನು ಅಲ್ಲಿಯೇ ಕೆಲಸಕ್ಕಿದ್ದ ಆಳು. ಗಣಿಯಲ್ಲಿ ತೈಲ ಇರುವುದು ಅವನಿಗೆ ಗೊತ್ತಾಗಿರುತ್ತದೆ. ಎಲ್ಲರನ್ನೂ ಹೆದರಿಸಿ ಓಡಿಸಿದರೆ ಜಾಗ ಅಗ್ಗಕ್ಕೆ ಸಿಗುತ್ತದೆಂಬ ಲೆಕ್ಕ. ನಮ್ಮ ಕಡೆಯೂ ಮನೆಗೆ ದೆವ್ವದ ಹೆಸರು ಹತ್ತಿದರೆ ಮೊದಲು ಇಳಿಯುವುದು ಅದರ ಬೆಲೆ. ಆಮೇಲೆ ಕೊಂಡವರು ಯಾರು ಎಂದು ಕೇಳುವ ವೆಲ್ಮಾಳಂಥವರು ಕಡಿಮೆ.

ವಿಡಿಯೊ ವಿಚಾರಕ್ಕೆ ಬರೋಣ. ನಿಮ್ಮ ಗಣಿಗಳು 2001ರಲ್ಲಿ ಮುಚ್ಚಿದವು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಜಾಗ ಅದು. ಮುಚ್ಚಿದ ಗಣಿಯಲ್ಲಿ ನೀರು ತುಂಬಿರುತ್ತದೆ, ಆಸರೆಗಳು ಕೊಳೆತಿರುತ್ತವೆ, ಉಸಿರಾಡುವ ಗಾಳಿ ಇದೆಯೋ ಇಲ್ಲವೋ ಇಳಿದ ಮೇಲೆಯೇ ತಿಳಿಯುವುದು. ಚಿನ್ನ ತೆಗೆದ ಮೇಲೆ ಉಳಿದ ಸೈನೈಡ್ ದಿಬ್ಬಗಳ ಧೂಳು ಆಟದ ವಸ್ತುವಲ್ಲ. ತಾತನನ್ನೇ ಕೇಳಿ ನೋಡಿ. ಅಲ್ಲಿ ಇಳಿದು ಹತ್ತಿ ಬದುಕಿ ಉಳಿದವರೆಲ್ಲ ಸರಿಯಾದ ವಿಷಯಕ್ಕೆ ಸರಿಯಾದ ಪ್ರಮಾಣದಲ್ಲಿ ಹೆದರಿದವರು. ಫ್ರೆಡ್ ‘ಒಳಗೆ ಹೋಗೋಣ’ ಎಂದಾಗ ಶ್ಯಾಗಿ ‘ಬೇಡ’ ಎನ್ನುತ್ತಾನಲ್ಲ, ಈ ಒಂದು ಸಂದರ್ಭದಲ್ಲಿ ನೀವು ಶ್ಯಾಗಿಯ ಮಾತನ್ನೇ ಪೂರ್ತಿ ಕೇಳಿ. ಗಣಿಯನ್ನು ರಟ್ಟಿನಲ್ಲಿ ಕಟ್ಟಿ, ಮನೆಯ ಮಹಡಿಯ ಮೇಲೆ ಚಿತ್ರೀಕರಿಸಿ. ಕಪ್ಪು ಪೋಸ್ಟರ್ ಬಣ್ಣ, ಹಳೆಯ ಗೋಣಿಚೀಲ, ಪಕ್ಕದಿಂದ ಬೀಳುವ ಒಂದೇ ದೀಪ ಸಾಕು. ತಾತನ ಗಣಿ ಟೋಪಿ ಇನ್ನೂ ಮನೆಯಲ್ಲಿದ್ದರೆ ಅದೇ ನಿಮ್ಮ ಭೂತ.

ಪ್ರ: ಮಗಳ ಹುಟ್ಟುಹಬ್ಬಕ್ಕೆ ಶ್ಯಾಗಿ ತಿನ್ನುವ ಎತ್ತರದ ಸ್ಯಾಂಡ್‌ವಿಚ್ ಬೇಕಂತೆ. ನಮ್ಮ ಕಡೆಯ ತಿಂಡಿಯಿಂದಲೇ ಮಾಡುವ ಉಪಾಯವಿದ್ದರೆ ತಿಳಿಸಿ. — ಮಧುಗಿರಿಯ ದಂಪತಿ

ಉ: ಪ್ರಶ್ನೆ ಡ್ರಾಯಿಂಗ್‌ಗೆ ಸೇರದಿದ್ದರೂ ಹೊಟ್ಟೆಗೆ ಸೇರುತ್ತದೆ. ತುಮಕೂರಿನವನಾದ ನನಗೆ ಮೊದಲು ಹೊಳೆದದ್ದು ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಅಗಲ ಇದೆ, ದುಂಡಗಿದೆ, ಒಂದರ ಮೇಲೊಂದು ಪೇರಿಸಬಹುದು ಎನಿಸುತ್ತದೆ. ಮಾಡಿ ನೋಡಿದೆ. ಕೆಳಗೊಂದು ಇಡ್ಲಿ, ಮೇಲೆ ಕೆಂಪು ಚಟ್ನಿ, ಉದ್ದಿನ ವಡೆ, ಮತ್ತೊಂದು ಇಡ್ಲಿ, ಬೆಣ್ಣೆಯ ಮುದ್ದೆ, ಅದರ ಮೇಲೆ ಇನ್ನೊಂದು. ಬಿಸಿ ಇಡ್ಲಿಯ ಆವಿಗೆ ಬೆಣ್ಣೆ ಕರಗಿ ವಡೆಯ ತೂತಿನಲ್ಲಿ ಇಳಿಯಿತು, ಮೇಲಿನ ಇಡ್ಲಿ ನಿಧಾನವಾಗಿ ಪೂರ್ವದಿಕ್ಕಿಗೆ ಜಾರಿತು, ಮನೆಯಾಕೆ ತಟ್ಟೆ ಹಿಡಿಯುವಷ್ಟರಲ್ಲಿ ಚಟ್ನಿ ಮೇಜಿಗೆ. ರುಚಿಗೆ ಮೋಸವಿಲ್ಲ, ಗೋಪುರಕ್ಕೆ ಮೋಸ.

ಎತ್ತರ ನಿಲ್ಲಬೇಕಾದರೆ ಒಣಗಿದ ಪದರ ಬೇಕು. ಬೇಕರಿಯಲ್ಲಿ ಹಿಂದಿನ ದಿನದ ಬ್ರೆಡ್ ತಂದು ಹೆಂಚಿನ ಮೇಲೆ ಬೆಚ್ಚಗೆ ಮಾಡಿ. ನಡುನಡುವೆ ಮುಳ್ಳುಸೌತೆ, ಟೊಮೆಟೊ, ಆಲೂಗಡ್ಡೆ ಪಲ್ಯ, ಹುರಿಗಡಲೆ ಹಾಕಿ ಗಟ್ಟಿಯಾಗಿ ರುಬ್ಬಿದ ಚಟ್ನಿ. ಟೊಮೆಟೊ ಹೋಳನ್ನು ಬಟ್ಟೆಯ ಮೇಲೆ ಹರಡಿ ನೀರು ಹೋಗಿಸಿಯೇ ಇಡಬೇಕು. ಎರಡು ಪದರಕ್ಕೊಮ್ಮೆ ಕಡ್ಡಿ ಚುಚ್ಚಿ. ಶ್ಯಾಗಿಯ ಸ್ಯಾಂಡ್‌ವಿಚ್ಚಿನ ನೆತ್ತಿಯ ಮೇಲೆ ಕಡ್ಡಿಗೆ ಸಿಕ್ಕಿಸಿದ ಆಲಿವ್ ಕಾಯಿ ಇರುತ್ತದೆ. ನಮಗೆ ಅದು ಏಕೆ, ಚಿಕ್ಕಬಳ್ಳಾಪುರದ ಹಸಿರು ದ್ರಾಕ್ಷಿ ಒಂದು ಸಾಕು. ಸ್ಕೂಬಿ ಸ್ನ್ಯಾಕ್‌ಗೆ ರಾಗಿ ಹಿಟ್ಟು, ಬೆಲ್ಲ, ತುಪ್ಪದ ಬಿಸ್ಕತ್ತನ್ನು ಮೂಳೆಯ ಆಕಾರಕ್ಕೆ ಕತ್ತರಿಸಿ ಬೇಯಿಸಿ, ಮಕ್ಕಳಿಗಾಗಿ. ಮನೆಯಲ್ಲಿ ನಿಜವಾದ ನಾಯಿ ಇದ್ದರೆ ಎಚ್ಚರ: ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ನಾಯಿಗೆ ವಿಷ. ಹುಟ್ಟುಹಬ್ಬದ ಗದ್ದಲದಲ್ಲಿ ಯಾರಾದರೂ ಪ್ರೀತಿಯಿಂದ ಹಾಕಿಬಿಡುತ್ತಾರೆ.

ಪ್ರ: ಮೇಷ್ಟ್ರೇ, ವಯಸ್ಸಾದವರು ನೀವು. ನಮ್ಮಲ್ಲಿ ವಿದೂಷಕರಿಗೆ ಬರವೇ? ಪರದೇಶದ ಪೋಲಿ ಹುಡುಗನನ್ನು ಹೊಗಳುತ್ತ ಕುಳಿತಿದ್ದೀರಲ್ಲ. — ನಿವೃತ್ತ ಶಿಕ್ಷಕರು, ಕೊರಟಗೆರೆ

ಉ: ಸ್ವಾಮಿ, ಅವನು ಪರದೇಶದವನೆಂದು ಅನಿಸಿದ್ದರೆ ತಾನೆ ದೂರ ಇಡುವುದು. ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತನ ಗೆಳೆಯ ಮಾಧವ್ಯ ಬೇಟೆಗೆ ಬಂದು ಗೋಳಾಡುವುದನ್ನು ನೆನಪಿಸಿಕೊಳ್ಳಿ. ಎಲೆ ಬಿದ್ದು ಒಗರಾದ ಬೆಟ್ಟದ ಹೊಳೆಯ ನೀರು, ಹೊತ್ತಲ್ಲದ ಹೊತ್ತಿನಲ್ಲಿ ಊಟ, ಅದೂ ಸುಟ್ಟ ಮಾಂಸ, ಕುದುರೆಯ ಬೆನ್ನಿನ ಮೇಲೆ ಕೀಲು ಕೀಲೂ ನೋವು, ರಾತ್ರಿ ನಿದ್ದೆಯಿಲ್ಲ. ಶ್ಯಾಗಿಯ ದೂರುಗಳ ಪಟ್ಟಿಯೂ ಇದೇ. ವಿಕ್ರಮೋರ್ವಶೀಯದ ವಿದೂಷಕನಿಗೆ ಮೂಡುವ ಚಂದ್ರನೂ ಸಕ್ಕರೆಯ ಮೋದಕವಾಗಿ ಕಾಣುತ್ತಾನೆ. ರಾಜ ವಿರಹದಲ್ಲಿದ್ದಾನೆ, ಇವನು ಹಸಿವಿನಲ್ಲಿದ್ದಾನೆ.

ನಮ್ಮ ಸೀಮೆಯ ಮೂಡಲಪಾಯದಲ್ಲಿ ಹನುಮನಾಯಕ ಬಂದೊಡನೆ ತೂಕಡಿಸುವವರೂ ಎದ್ದು ಕೂರುತ್ತಿದ್ದರು. ತೊಗಲುಗೊಂಬೆಯಲ್ಲಿ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ. ರಾಮ ರಾವಣರು ಅಷ್ಟು ಚಂದದ ಬಣ್ಣದ ತೊಗಲಿನಲ್ಲಿರುವಾಗ ಮಕ್ಕಳು ಕಾಯುವುದು ಆ ಕರಿಯ ಜೋಡಿಗೆ. ಗುಬ್ಬಿ ವೀರಣ್ಣನವರು ಕಂಪನಿಯ ಯಜಮಾನರಾಗಿಯೂ ಹಾಸ್ಯದ ಪಾತ್ರವನ್ನೇ ಆರಿಸಿಕೊಂಡರು. ‘ಸದಾರಮೆ’ಯಲ್ಲಿ ಅವರ ಕಳ್ಳನಿಗೆ ಸಿಕ್ಕ ಚಪ್ಪಾಳೆ ರಾಜಕುಮಾರನಿಗೆ ಸಿಗಲಿಲ್ಲ. ಒಂದು ವ್ಯತ್ಯಾಸ ಮಾತ್ರ ಹೇಳುತ್ತೇನೆ. ನಮ್ಮ ವಿದೂಷಕನನ್ನು ಅಪಾಯ ಬಂದಾಗ ಬಹುಮಟ್ಟಿಗೆ ಊರಿಗೆ ಕಳುಹಿಸಿಬಿಡುತ್ತಾರೆ, ಮಾಧವ್ಯನನ್ನು ದುಷ್ಯಂತ ಕಳುಹಿಸಿದ ಹಾಗೆ. ಶ್ಯಾಗಿಯನ್ನು ಮುಂದಕ್ಕೆ ತಳ್ಳುತ್ತಾರೆ. ಪಾಪ ಎನಿಸುವುದು ಅದಕ್ಕೇ.

ಪ್ರ: ಅಜ್ಜಾ, ಅದರಲ್ಲಿ ಬರುವ ಭೂತಗಳು ನಿಜವಾ? — ಎರಡನೆಯ ತರಗತಿ, ಗೌರಿಬಿದನೂರು (ಅಕ್ಕನ ಕೈಯಲ್ಲಿ ಬರೆಸಿದ ಪತ್ರ)

ಉ: ಅಲ್ಲ ಪುಟ್ಟಾ. ಹಳೆಯ ಕಂತುಗಳಲ್ಲಿ ಎಲ್ಲವೂ ಮುಖವಾಡ. 1998ರಲ್ಲಿ ಬಂದ ಒಂದು ಚಿತ್ರದಲ್ಲಿ ನಿಜವಾದ ದೆವ್ವಗಳನ್ನೇ ತಂದರು. ಅದನ್ನು ದೊಡ್ಡವನಾದ ಮೇಲೆ ನೋಡು. ನಿಮ್ಮ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಎಚ್. ನರಸಿಂಹಯ್ಯ ಎಂಬುವರು ಹುಟ್ಟಿದರು. ಓದಬೇಕೆಂದು ಬೆಂಗಳೂರಿಗೆ ನಡೆದುಕೊಂಡೇ ಹೋದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡುವುದಕ್ಕೆಂದೇ ಒಂದು ಸಮಿತಿ ಮಾಡಿದರು. ಮುಖವಾಡ ತೆಗೆದು ತೋರಿಸಿ ಎಂದು ದೊಡ್ಡ ದೊಡ್ಡವರನ್ನೇ ಕೇಳಿದರು. ಅವರ ಬಗ್ಗೆ ನಿಮ್ಮ ಟೀಚರನ್ನು ಕೇಳು.

ಪ್ರ: ಸ್ಕ್ರ್ಯಾಪಿ-ಡೂ ಬಗ್ಗೆ ನಿಮ್ಮ ಅಭಿಪ್ರಾಯ? — ಚಿಂತಾಮಣಿಯ ಓದುಗರು

ಉ: 1979ರಲ್ಲಿ ತಂದ ಸ್ಕೂಬಿಯ ಸೋದರಿಯ ಮಗ. ಎಲ್ಲರ ಮೇಲೂ ಏರಿ ಹೋಗುವ ಮರಿ. ಭಯವೇ ಇಲ್ಲದವನೊಂದಿಗೆ ಅರ್ಧ ಗಂಟೆ ಕೂರುವುದು ನನ್ನಿಂದಾಗದು.

ಪ್ರ: ಅಷ್ಟು ತಿಂದರೂ ಶ್ಯಾಗಿ ದಪ್ಪಗಾಗುವುದಿಲ್ಲ ಏಕೆ? ನಮ್ಮ ಮಕ್ಕಳು ಇದನ್ನೇ ನೆಪ ಮಾಡಿಕೊಂಡಿದ್ದಾರೆ. — ದೈಹಿಕ ಶಿಕ್ಷಣ ಶಿಕ್ಷಕರು, ಕೋಲಾರ

ಉ: ಓಡುತ್ತಾನಲ್ಲ ಸಾರ್, ಕಂತಿನ ಅರ್ಧ ಭಾಗ ಓಟವೇ. ಮಕ್ಕಳಿಗೆ ಅಷ್ಟು ಹೇಳಿ ಮೈದಾನಕ್ಕೆ ಇಳಿಸಿ.

ಚಿತ್ರಕಾರನ ಉತ್ತರ ಬೇರೆ. ಈ ಕಥೆಗಳ ಹಿನ್ನೆಲೆ ಬಹುಪಾಲು ಕತ್ತಲು: ನೀಲಿ, ಕಡು ಹಸಿರು, ಬೂದಿ ಬಣ್ಣದ ಹಾಳುಮನೆಗಳು. ಆ ಕತ್ತಲಲ್ಲಿ ಯಾರು ಯಾರೆಂದು ಮಗುವಿಗೆ ಹೊರಗೆರೆಯಿಂದಲೇ ತಿಳಿಯಬೇಕು. ಒಂದು ಉದ್ದ ಕೋಲು, ಪಕ್ಕದಲ್ಲಿ ಒಂದು ದೊಡ್ಡ ನಾಯಿ. ಬಣ್ಣ ತೆಗೆದರೂ ಗುರುತು ಸಿಗುತ್ತದೆ. ಜೊತೆಗೆ, ಹೆದರಿದ ಸ್ಕೂಬಿ ಹಾರಿ ಶ್ಯಾಗಿಯ ತೋಳಿನಲ್ಲಿ ಕುಳಿತುಕೊಳ್ಳುತ್ತದೆ. ಆ ಕಡ್ಡಿ ತೋಳು ಅಷ್ಟು ದೊಡ್ಡ ನಾಯಿಯನ್ನು ಹೊತ್ತು ಓಡುತ್ತದೆ ಎಂಬುದರಲ್ಲೇ ನಗು ಇರುವುದು. ಶ್ಯಾಗಿ ದಪ್ಪಗಿದ್ದರೆ ಅದು ಬರೀ ನಾಯಿ ಎತ್ತಿಕೊಂಡ ಮನುಷ್ಯ. ಮಳೆ ಬಂದು ಆಟದ ಪಿರಿಯಡ್ ತಪ್ಪಿದ ದಿನ ಮಕ್ಕಳಿಂದ ಇದನ್ನು ಬರೆಸಿ ನೋಡಿ. ಕಪ್ಪು ಇಂಕು, ಕುಂಚ, ಬಣ್ಣ ಬೇಡ. ಚೆನ್ನಾಗಿ ಬಂದವನ್ನು ನನಗೆ ಕಳುಹಿಸಿ, ಮುಂದಿನ ತಿಂಗಳು ಜಲವರ್ಣದವರ ಪಕ್ಕದಲ್ಲಿ ಜಾಗ ಮಾಡಿಕೊಡುತ್ತೇನೆ.